ಕ್ಲೈನ್‌ಲೀಶ್ ಹುಟ್ಟಿದ ವರ್ಷ

ಕ್ಲೈನ್‌ಲೀಶ್ ಎಂಬ ಸ್ಕಾಟ್ಲೆಂಡಿನ ವಿಸ್ಕಿಯನ್ನು ಕುಡಿದು ಬಲ್ಲವರನ್ನು ಅದರ ರುಚಿ ಹೇಗೆಂದು ಕೇಳಿದರೆ ಮೊದಲು ಬರುವ ಉತ್ತರ ಮೇಣ. ಗ್ಲಾಸನ್ನು ಮೂಗಿನ ಬಳಿ ಹಿಡಿದಾಗ ಆಗಷ್ಟೇ ಆರಿಸಿದ ಮೇಣದಬತ್ತಿಯ ವಾಸನೆ, ಅದರ ಬೆನ್ನಿಗೆ ಕಿತ್ತಳೆ ಸಿಪ್ಪೆ, ಒಂದಿಷ್ಟು ಜೇನು, ಕೊನೆಯಲ್ಲಿ ಕಡಲ ಗಾಳಿಯ ಉಪ್ಪು. ಬಾಯಿಗೆ ಬಿಟ್ಟುಕೊಂಡ ಮೇಲೆ ಮೇಣ ಬರೀ ವಾಸನೆಯಾಗಿ ಉಳಿಯುವುದಿಲ್ಲ. ಜೇನುಹುಟ್ಟು ಜಗಿದು ಉಗಿದ ಮೇಲೂ ತುಟಿಗೆ ಹಲ್ಲಿಗೆ ಅಂಟಿಕೊಂಡು ಕೂರುತ್ತದಲ್ಲ, ಹಾಗೆ ನಾಲಿಗೆಯ ಮೇಲೆ ತೆಳುವಾದ ಪದರವೊಂದು ಕೂತುಬಿಡುತ್ತದೆ. 14 ವರ್ಷ ಓಕ್ ಮರದ ಪೀಪಾಯಿಯಲ್ಲಿದ್ದು, ಶೇ. 46ರ ಹದಕ್ಕೆ ಇಳಿದು ಬಾಟಲಿ ಸೇರುವ ಸಿಂಗಲ್ ಮಾಲ್ಟ್ ಇದು. ನಾಲ್ಕು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಬೇಕು. ಅವಸರಪಟ್ಟು ಕುಡಿದವರಿಗೆ ಖಾರ ಮಾತ್ರ ಸಿಗುತ್ತದೆ.

ಈ ಮೇಣ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಸಿಗುವುದು ಒಂದು ತೊಟ್ಟಿ. ವಿಸ್ಕಿಯನ್ನು ತಾಮ್ರದ ಭಟ್ಟಿಗಳಲ್ಲಿ ಎರಡು ಸಲ ಇಳಿಸುತ್ತಾರೆ. ಎರಡನೆಯ ಸಲ ಇಳಿಸುವಾಗ ಮೊದಲು ಬರುವ ಪಾಲನ್ನೂ ಕೊನೆಗೆ ಬರುವ ಪಾಲನ್ನೂ ಬೇರೆ ತೆಗೆದು, ನಡುವಿನದನ್ನಷ್ಟೇ ಪೀಪಾಯಿಗೆ ತುಂಬುತ್ತಾರೆ. ಬೇರೆ ತೆಗೆದದ್ದು ತೊಟ್ಟಿಯಲ್ಲಿ ಶೇಖರವಾಗಿ ಮುಂದಿನ ಸುತ್ತಿಗೆ ಮತ್ತೆ ಭಟ್ಟಿಗೆ ಹೋಗುತ್ತದೆ. ಧಾನ್ಯದಿಂದಲೂ ಹುದುಗಿನಿಂದಲೂ ಬಂದ ಎಣ್ಣೆಯಂಥ ಅಂಶ ಆ ತೊಟ್ಟಿಯ ಗೋಡೆಗೆ, ತಳಕ್ಕೆ ಕಟ್ಟಿಕೊಳ್ಳುತ್ತ ಹೋಗುತ್ತದೆ. ಬೇರೆ ಕಡೆ ಅದನ್ನು ಉಜ್ಜಿ ತೊಳೆಯುತ್ತಾರೆ, ಕ್ಲೈನ್‌ಲೀಶ್‌ನಲ್ಲಿ ಕಾಪಾಡಿಕೊಳ್ಳುತ್ತಾರೆ. ಹಿಂದೊಮ್ಮೆ ಯಾರೋ ತೊಟ್ಟಿಯನ್ನು ಚೊಕ್ಕಟ ಮಾಡಿದ್ದರಿಂದ ಮೇಣವೇ ಮಾಯವಾಯಿತು, ಆಮೇಲೆ ಕಾರಣ ತಿಳಿಯಿತು ಎಂಬ ಕಥೆಯನ್ನು ವಿಸ್ಕಿಯ ಕಸುಬಿನವರು ಈಗಲೂ ಹೇಳುತ್ತಾರೆ. ಹಿಂದಿನ ಸುತ್ತುಗಳ ಕಿಟ್ಟವೇ ಈ ಮದ್ಯದ ಗುಣ.

ನಾನು ಅಬರ್ಡೀನಿನಲ್ಲಿ ಉತ್ತರ ಸಮುದ್ರದ ತೈಲಬಾವಿಗಳ ಕೆಲಸದಲ್ಲಿರುವವ, ಊರು ಸಾಗರ ತಾಲ್ಲೂಕು. ಕ್ಲೈನ್‌ಲೀಶ್ ಡಿಸ್ಟಿಲರಿ ಇರುವ ಊರಾದ ಬ್ರೋರಾಕ್ಕೆ ನಾನು ಹೋಗುವುದು ರೈಲಿನಲ್ಲಿ. ಇನ್ವರ್ನೆಸ್‌ನಿಂದ ಉತ್ತರಕ್ಕೆ ಹೊರಡುವ ಗಾಡಿ ಕೊಲ್ಲಿಗಳನ್ನು ಬಳಸಿ ಬಳಸಿ, ಗಾಲ್ಸ್ಪಿ ದಾಟಿದ ಮೇಲೆ ಕಡಲ ಅಂಚಿನಲ್ಲೇ ಓಡುತ್ತದೆ. ಗಾಲ್ಸ್ಪಿಯ ಹತ್ತಿರ ಬಂದಾಗ ಎಡಗಡೆಯ ಕಿಟಕಿಯಿಂದ ಬೆನ್ ವ್ರ್ಯಾಗಿ ಗುಡ್ಡ ಕಾಣುತ್ತದೆ. ಅದರ ನೆತ್ತಿಯ ಮೇಲೆ ಪೀಠವೂ ಸೇರಿ ಸುಮಾರು 100 ಅಡಿ ಎತ್ತರದ ಕಲ್ಲಿನ ಮನುಷ್ಯ ನಿಂತಿದ್ದಾನೆ. ಮೈಲಿಗಟ್ಟಲೆ ದೂರಕ್ಕೂ ಕಾಣುವ ಈತ ಸದರ್‌ಲೆಂಡ್‌ನ ಮೊದಲನೆಯ ಡ್ಯೂಕ್. ಪ್ರತಿಮೆ ಮುಗಿದದ್ದು 1837ರಲ್ಲಿ. ಅದನ್ನು ಉರುಳಿಸಲು ಕಳೆದ ಕೆಲವು ದಶಕಗಳಲ್ಲಿ ಜನ ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನಪಟ್ಟಿದ್ದಾರೆ. ಬ್ರೋರಾದ ಡಿಸ್ಟಿಲರಿಯನ್ನು ಕಟ್ಟಿಸಿದವನೂ ಇವನೇ. ಕ್ಲೈನ್‌ಲೀಶ್ ಬಾಟಲಿಯ ಮೇಲಿನ ಕಾಡುಬೆಕ್ಕು ಸದರ್‌ಲೆಂಡ್ ಮನೆತನದ ಲಾಂಛನ.

ಡಿಸ್ಟಿಲರಿ ಶುರುವಾದ ವರ್ಷ 1819. ಆ ವರ್ಷದ ಬಗ್ಗೆಯೇ ನಾನು ಬರೆಯಬೇಕೆಂದುಕೊಂಡದ್ದು.

ಸದರ್‌ಲೆಂಡ್ ಎಂಬ ಆ ವಿಶಾಲ ಜಮೀನಿನ ಒಡತಿ ಎಲಿಜಬೆತ್, ಸದರ್‌ಲೆಂಡ್‌ನ ಕೌಂಟೆಸ್. ಇನ್ನೂ ಕೂಸಾಗಿದ್ದಾಗಲೇ ಆಸ್ತಿ ಅವಳ ಪಾಲಿಗೆ ಬಂತು. 1785ರಲ್ಲಿ ಅವಳು ಮದುವೆಯಾದ ಜಾರ್ಜ್ ಗ್ರಾನ್‌ವಿಲ್ ಲೆವೆಸನ್-ಗವರ್ ಇಂಗ್ಲೆಂಡಿನ ಶ್ರೀಮಂತ. 1803ರಲ್ಲಿ ಸ್ಟಾಫರ್ಡ್‌ನ ಮಾರ್ಕ್ವಿಸ್ ಎನಿಸಿಕೊಂಡ, ಅದೇ ವರ್ಷ ಬ್ರಿಜ್‌ವಾಟರ್ ಕಾಲುವೆಯ ಅಪಾರ ಆದಾಯವೂ ಅವನ ಕೈಗೆ ಬಂತು. ಡ್ಯೂಕ್ ಪದವಿ ಸಿಕ್ಕಿದ್ದು 1833ರಲ್ಲಿ, ಸಾಯುವ ವರ್ಷದಲ್ಲಿ. ಹೆಂಡತಿಯ ಜಮೀನು, ಗಂಡನ ದುಡ್ಡು ಎರಡೂ ಕೂಡಿದಾಗ ಹುಟ್ಟಿದ ಯೋಜನೆಗೆ ಅವರು ಇಟ್ಟ ಹೆಸರು ಸುಧಾರಣೆ. ಒಳನಾಡಿನ ಕಣಿವೆಗಳಲ್ಲಿ ತಲೆಮಾರುಗಳಿಂದ ದನ ಸಾಕಿಕೊಂಡು, ಓಟ್ಸ್ ಬಾರ್ಲಿ ಬೆಳೆದುಕೊಂಡು ಬದುಕಿದ್ದ ಗೇಲಿಕ್ ಮಾತಾಡುವ ಗೇಣಿದಾರರನ್ನು ಎಬ್ಬಿಸಿ ಕಡಲ ತೀರಕ್ಕೆ ತರುವುದು. ಖಾಲಿಯಾದ ಕಣಿವೆಗಳನ್ನು ಷೆವಿಯಟ್ ತಳಿಯ ಕುರಿ ಸಾಕುವ ದೊಡ್ಡ ಗುತ್ತಿಗೆದಾರರಿಗೆ ಕೊಡುವುದು. ಬಡ ಒಕ್ಕಲುಗಳು ಕೊಡುತ್ತಿದ್ದ ಗೇಣಿಯ ಎಷ್ಟೋ ಪಟ್ಟು ಹಣ ಉಣ್ಣೆಯಿಂದ ಬರುತ್ತಿತ್ತು.

1813ರಲ್ಲಿ ಕಿಲ್ಡೋನನ್ ಕಣಿವೆಯ ಜನ ಎದುರು ನಿಂತರು. ಸೈನ್ಯವನ್ನು ಕರೆಸಲಾಯಿತು. ಅಲ್ಲಿಂದ ಹೊರಟ ಒಂದು ತಂಡ ಅದೇ ವರ್ಷ ಹಡಗು ಹತ್ತಿ ಕೆನಡಾದ ರೆಡ್ ರಿವರ್ ಪ್ರದೇಶಕ್ಕೆ ಹೋಯಿತು. ಇವತ್ತಿನ ವಿನ್ನಿಪೆಗ್ ನಗರದಲ್ಲಿ ಕಿಲ್ಡೋನನ್ ಎಂಬ ಹೆಸರು ಇರುವುದು ಅವರಿಂದ. 1814ರ ಜೂನ್‌ನಲ್ಲಿ ಎಸ್ಟೇಟಿನ ಅಧಿಕಾರಿ ಪ್ಯಾಟ್ರಿಕ್ ಸೆಲ್ಲರ್ ಸ್ಟ್ರಾತ್‌ನೇವರ್ ಕಣಿವೆಗೆ ನುಗ್ಗಿದ. ಮತ್ತೆ ಬಂದು ಕಟ್ಟಿಕೊಳ್ಳದಂತೆ ಮನೆಗಳ ತೊಲೆಗಳಿಗೇ ಬೆಂಕಿ ಇಡುವುದು ಅವನ ರೀತಿ. ಮರ ಸಿಗದ ಆ ಸೀಮೆಯಲ್ಲಿ ತೊಲೆ ಹೋದರೆ ಮನೆಯೇ ಹೋದಂತೆ. ಬಾಡಿನ್‌ಲೋಸ್ಕಿನ್ ಎಂಬಲ್ಲಿ ಹಾಸಿಗೆ ಹಿಡಿದಿದ್ದ ಹಣ್ಣು ಹಣ್ಣು ಮುದುಕಿ ಮಾರ್ಗರೆಟ್ ಮಕೈಳನ್ನು ಹೊರಗೆ ಹೊತ್ತು ತರುವ ಹೊತ್ತಿಗೆ ಮನೆಗೆ ಬೆಂಕಿ ಬಿದ್ದಿತ್ತು. ಐದು ದಿನಕ್ಕೆ ಅವಳು ಸತ್ತಳು. ಸೆಲ್ಲರ್ ಮೇಲೆ ಮೊಕದ್ದಮೆ ನಡೆದದ್ದು 1816ರ ಏಪ್ರಿಲ್‌ನಲ್ಲಿ, ಇನ್ವರ್ನೆಸ್‌ನಲ್ಲಿ. ತೀರ್ಪುಗಾರರಲ್ಲಿ ಹೆಚ್ಚಿನವರು ಜಮೀನುದಾರರು. ಅವನು ಖುಲಾಸೆಯಾದ. ತಾನು ಖಾಲಿ ಮಾಡಿಸಿದ ನೆಲದಲ್ಲಿ ತಾನೇ ಕುರಿ ಸಾಕಿ ಶ್ರೀಮಂತನಾದ. ಅವನನ್ನು ಬಂಧಿಸಿದ್ದ ಸ್ಥಳೀಯ ನ್ಯಾಯಾಧಿಕಾರಿ ರಾಬರ್ಟ್ ಮೆಕಿಡ್ ಮಾತ್ರ ಕ್ಷಮೆ ಬರೆದುಕೊಟ್ಟು ಊರು ಬಿಡಬೇಕಾಯಿತು.

1819ರಲ್ಲಿ ಸ್ಟ್ರಾತ್‌ನೇವರ್‌ನಲ್ಲಿ ಉಳಿದವರನ್ನೂ ಎಬ್ಬಿಸಿದರು. ಆ ಕಣಿವೆಯ ಕಲ್ಲುಕೆಲಸದವ ಡೊನಾಲ್ಡ್ ಮ್ಯಾಕ್ಲಿಯೋಡ್ ರಾತ್ರಿ ಹನ್ನೊಂದರ ಹೊತ್ತಿಗೆ ಎತ್ತರದ ಜಾಗಕ್ಕೆ ಏರಿ ನೋಡಿದಾಗ ಉರಿಯುತ್ತಿದ್ದ 250 ಮನೆಗಳನ್ನು ಎಣಿಸಿದ್ದಾಗಿ ಬರೆದಿದ್ದಾನೆ. ಅವುಗಳಲ್ಲಿ ಎಷ್ಟೋ ಅವನ ನೆಂಟರ ಮನೆಗಳು. ಬ್ರೋರಾ ನದಿಯ ಕಣಿವೆಯೂ ಅದೇ ಸುಮಾರಿಗೆ ಬರಿದಾಯಿತು. ಅದೇ 1819ರಲ್ಲಿ, ಆ ನದಿ ಕಡಲು ಸೇರುವ ಊರಿನ ಪಕ್ಕದಲ್ಲಿ, 750 ಪೌಂಡ್ ಖರ್ಚಿನಲ್ಲಿ ಕ್ಲೈನ್‌ಲೀಶ್ ಡಿಸ್ಟಿಲರಿ ಎದ್ದಿತು.

ಇವೆರಡೂ ಒಂದೇ ವರ್ಷ ನಡೆದದ್ದು ಆಕಸ್ಮಿಕವಲ್ಲ. ಎಬ್ಬಿಸಿ ತಂದವರಿಗೆ ಕಡಲ ಅಂಚಿನಲ್ಲಿ ಕೊಟ್ಟದ್ದು ಒಂದೆರಡು ಎಕರೆಯ ಕಲ್ಲುನೆಲದ ತುಂಡು. ಬೇಕೆಂದೇ ಅಷ್ಟು ಚಿಕ್ಕದು. ಹೊಟ್ಟೆಗೆ ಸಾಲದಿದ್ದರೆ ಜನ ಮೀನು ಹಿಡಿಯಲು, ಗಣಿಯಲ್ಲಿ ಕೂಲಿ ಮಾಡಲು ಬರುತ್ತಾರೆ ಎಂಬುದು ಲೆಕ್ಕಾಚಾರ. ಬ್ರೋರಾದಲ್ಲಿ ನೆಲದಡಿ ಕಲ್ಲಿದ್ದಲಿತ್ತು. 1598ರಷ್ಟು ಹಿಂದೆಯೇ ಅಲ್ಲಿ ಗಣಿ ತೋಡಿದ್ದರು. ಅದನ್ನು ಹೊಸದಾಗಿ ತೆರೆದು, ಆ ಕಲ್ಲಿದ್ದಲಿನಿಂದ ಸಮುದ್ರದ ನೀರು ಕುದಿಸಿ ಉಪ್ಪು ಮಾಡುವುದು, ಇಟ್ಟಿಗೆ ಸುಡುವುದು, ವಿಸ್ಕಿ ಇಳಿಸುವುದು. ಹೆಲ್ಮ್ಸ್‌ಡೇಲ್‌ನಲ್ಲಿ ಬಂದರು ಕಟ್ಟಿ ಹೆರಿಂಗ್ ಮೀನಿನ ವ್ಯಾಪಾರ. ಎಸ್ಟೇಟಿನ ಮುಖ್ಯ ಆಡಳಿತಗಾರ ಜೇಮ್ಸ್ ಲಾಕ್ 1820ರಲ್ಲಿ ಈ ಸುಧಾರಣೆಗಳನ್ನು ಸಮರ್ಥಿಸಿ ಒಂದು ಇಡೀ ಪುಸ್ತಕ ಬರೆದ. ಡಿಸ್ಟಿಲರಿಗೂ ಅದರಲ್ಲಿ ಜಾಗವಿದೆ. ರೈತರು ಬಾರ್ಲಿಯನ್ನು ಕಳ್ಳಭಟ್ಟಿಯವರಿಗೆ ಮಾರುವುದನ್ನು ನಿಲ್ಲಿಸಲು ಕಾನೂನಿನ ಮಾರುಕಟ್ಟೆಯೊಂದು ಬೇಕು ಎಂಬುದು ಅವನ ವಾದ.

ಕಳ್ಳಭಟ್ಟಿ ಎನ್ನುವಾಗ ಸ್ವಲ್ಪ ನಿಲ್ಲಬೇಕು. ಆ ಕಣಿವೆಗಳಲ್ಲಿ ರಸ್ತೆಯಿರಲಿಲ್ಲ, ಧಾನ್ಯವನ್ನು ಹೊತ್ತು ಸಂತೆಗೆ ಒಯ್ದರೆ ದಾರಿಯ ಖರ್ಚೂ ಹುಟ್ಟುತ್ತಿರಲಿಲ್ಲ. ಅದೇ ಧಾನ್ಯ ವಿಸ್ಕಿಯಾದರೆ ಒಂದು ಕುದುರೆಯ ಬೆನ್ನ ಮೇಲೆ ಒಂದು ಮನೆಯ ಗೇಣಿ ಹೋಗುತ್ತಿತ್ತು. ಜಮೀನುದಾರರಿಗೆ ನಾಣ್ಯದಲ್ಲಿ ಗೇಣಿ ಬರುತ್ತಿದ್ದುದರಲ್ಲಿ ಈ ವಿಸ್ಕಿಯ ಪಾಲು ಸಾಕಷ್ಟಿತ್ತು. 1814ರಲ್ಲಿ ಸರ್ಕಾರ ಈ ಕಣಿವೆಗಳೂ ಸೇರಿದ ಗುಡ್ಡಸೀಮೆ ಹೈಲ್ಯಾಂಡ್ಸ್‌ನಲ್ಲಿ 500 ಗ್ಯಾಲನ್‌ಗಿಂತ ಚಿಕ್ಕ ಭಟ್ಟಿಗಳನ್ನೇ ನಿಷೇಧಿಸಿತು. ಗುಡಿಸಲಿನ ಹಿಂದೆ ತೊರೆಯ ಪಕ್ಕ ಹೂಡುವ ಭಟ್ಟಿ ಅದರ ಹತ್ತನೆಯ ಒಂದಂಶವೂ ಇರುತ್ತಿರಲಿಲ್ಲ. ಎರಡೇ ವರ್ಷಕ್ಕೆ ಮಿತಿಯನ್ನು 40 ಗ್ಯಾಲನ್‌ಗೆ ಇಳಿಸಬೇಕಾಯಿತು. 1823ರ ಕಾಯ್ದೆ 10 ಪೌಂಡ್ ವಾರ್ಷಿಕ ಶುಲ್ಕಕ್ಕೆ ಪರವಾನಗಿ ಕೊಡತೊಡಗಿದ ಮೇಲೆ ದೊಡ್ಡ ಡಿಸ್ಟಿಲರಿಗಳ ಕಾಲ ನಿಜವಾಗಿ ಶುರುವಾಯಿತು. ಆ ಕಾಯ್ದೆಗೂ ನಾಲ್ಕು ವರ್ಷ ಮೊದಲೇ ಕ್ಲೈನ್‌ಲೀಶ್ ನಿಂತಿತ್ತು. ತಮ್ಮ ಬಾರ್ಲಿಯಿಂದ ತಾವೇ ಇಳಿಸುತ್ತಿದ್ದ ಜನ, ಇನ್ನು ಮುಂದೆ ತುಂಡುಭೂಮಿಯಲ್ಲಿ ಬೆಳೆದ ಬಾರ್ಲಿಯನ್ನು ಒಡೆಯನ ಡಿಸ್ಟಿಲರಿಗೆ ಮಾರಿ, ಬಂದ ಹಣವನ್ನು ಒಡೆಯನಿಗೇ ಗೇಣಿ ಕಟ್ಟಬೇಕು. ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ನೋಯುವುದು ಇದೇ ಭಾಗ. ಕಿತ್ತುಕೊಂಡದ್ದು ನೆಲ ಮಾತ್ರವಲ್ಲ, ಕೈಯಲ್ಲಿದ್ದ ಕಸುಬೂ ಹೋಯಿತು.

ಈ ಸಂಗತಿ ನನ್ನನ್ನು ಇಷ್ಟು ಹಿಡಿದುಕೊಂಡದ್ದಕ್ಕೆ ಕಾರಣವಿದೆ. ನನ್ನ ತಾಯಿಯ ತವರುಮನೆ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಗದ್ದೆ, ತೋಟ, ಮನೆ ಎಲ್ಲ ಅಡಿಗೆ ಹೋದವು. ಲಾರಿಯಲ್ಲಿ ಸಾಮಾನು ತುಂಬಿಕೊಂಡು ಹೊರಟ ಆ ಕಾಲದ ಮಾತು ಕೇಳಿಯೇ ನಾನು ಬೆಳೆದದ್ದು. ಅವರಂತೆ ಎದ್ದುಬಂದ ಎಷ್ಟೋ ಕುಟುಂಬಗಳಿಗೆ ಕೊಟ್ಟ ಕಾಡಿನ ಜಾಗದ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು. ಶರಾವತಿಯ ನೀರು ನಾಡಿಗೆಲ್ಲ ಬೆಳಕು ಕೊಟ್ಟಿತು, ಸದರ್‌ಲೆಂಡ್‌ನ ಕುರಿ ಒಂದು ಮನೆತನದ ವರಮಾನ ಹೆಚ್ಚಿಸಿತು. ಆದರೆ ಸುಧಾರಣೆಯ ಲೆಕ್ಕ ಬರೆಯುವವರು ಎದ್ದುಹೋದವರ ಕಾಲಂ ಅನ್ನು ಹೇಗೆ ತುಂಬುತ್ತಾರೆ ಎಂಬುದನ್ನು ನಾನು ಎರಡೂ ಕಡೆ ನೋಡುತ್ತೇನೆ. ಲಾಕ್‌ನ ಪುಸ್ತಕದಲ್ಲಿ ಸೇತುವೆಗಳ ನಕ್ಷೆಗಳಿವೆ, ಕಟ್ಟಡಗಳ ಚಿತ್ರಗಳಿವೆ. ಮಾರ್ಗರೆಟ್ ಮಕೈ ನಮಗೆ ಉಳಿದಿರುವುದು ಕೋರ್ಟಿನ ದಾಖಲೆಯಿಂದ.

ಇನ್ನೊಂದು ಲೆಕ್ಕ ಕಾರ್ಲ್ ಮಾರ್ಕ್ಸ್‌ನದು. 'ಕ್ಯಾಪಿಟಲ್' ಮೊದಲ ಸಂಪುಟದಲ್ಲಿ ಅವನು ಈ ಒಡತಿಯನ್ನೇ ಉದಾಹರಣೆಯಾಗಿ ಎತ್ತಿಕೊಳ್ಳುತ್ತಾನೆ. 1814ರಿಂದ 1820ರವರೆಗೆ ಸುಮಾರು 3,000 ಕುಟುಂಬಗಳ 15,000 ಜನ ಎದ್ದುಹೋದರು, 7,94,000 ಎಕರೆ ಅವಳ ವಶವಾಯಿತು, ಹೊರಹಾಕಿದವರಿಗೆ ತೀರದಲ್ಲಿ 6,000 ಎಕರೆ ಬಿಟ್ಟರು, 1825ರ ಹೊತ್ತಿಗೆ ಜನರಿದ್ದ ಜಾಗದಲ್ಲಿ 1,31,000 ಕುರಿಗಳಿದ್ದವು. ಜನರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆಯಿದೆ. ಕುರಿಗಳ ಸಂಖ್ಯೆಯ ಬಗ್ಗೆ ಅಷ್ಟಿಲ್ಲ, ಅವುಗಳನ್ನು ಎಣಿಸುವವರಿದ್ದರು.

ಡಿಸ್ಟಿಲರಿ ಮಾತ್ರ ಬೆಳೆಯಿತು. ಕೈಯಿಂದ ಕೈಗೆ ಹೋಗುತ್ತ 1846ರಿಂದ ಜಾರ್ಜ್ ಲಾಸನ್ ಅದನ್ನು ಚೆನ್ನಾಗಿ ನಡೆಸಿದ. 1886ರ ಸುಮಾರಿಗೆ ಬ್ರಿಟನ್ನಿನ ಡಿಸ್ಟಿಲರಿಗಳನ್ನೆಲ್ಲ ಸುತ್ತಿದ ಆಲ್‌ಫ್ರೆಡ್ ಬರ್ನಾರ್ಡ್, ಕ್ಲೈನ್‌ಲೀಶ್ ವಿಸ್ಕಿಗೆ ಬೇರೆಲ್ಲಕ್ಕಿಂತ ಹೆಚ್ಚು ಬೆಲೆ ಸಿಗುತ್ತದೆ, ಖಾಸಗಿ ಗಿರಾಕಿಗಳಿಗೇ ಸಾಲದೆ ವ್ಯಾಪಾರಿಗಳನ್ನು ಹಿಂದೆ ಕಳಿಸುತ್ತಾರೆ ಎಂದು ದಾಖಲಿಸಿದ. ಅದೇ 1886ರಲ್ಲಿ ಬಂದ ಕ್ರಾಫ್ಟರ್‌ಗಳ ಕಾಯ್ದೆ, ತುಂಡುಭೂಮಿಯ ಒಕ್ಕಲನ್ನು ಮನಸ್ಸು ಬಂದಾಗ ಎಬ್ಬಿಸುವ ಅಧಿಕಾರವನ್ನು ಜಮೀನುದಾರರಿಂದ ಕಿತ್ತುಕೊಂಡಿತು. ಸ್ಟ್ರಾತ್‌ನೇವರ್ ಉರಿದು ಆಗಲೇ 67 ವರ್ಷವಾಗಿತ್ತು. 1896ರಲ್ಲಿ ಐನ್ಸ್ಲಿ ಕಂಪನಿ ಡಿಸ್ಟಿಲರಿಯನ್ನು ಕೊಂಡು ಬಹುಪಾಲು ಹೊಸದಾಗಿ ಕಟ್ಟಿಸಿತು. ಆಮೇಲೆ ಅದು ಡಿಸ್ಟಿಲರ್ಸ್ ಕಂಪನಿಯ ಪಾಲಾಗಿ, ಇಲ್ಲಿಯ ಮಾಲ್ಟ್ ಜಾನಿ ವಾಕರ್‌ನಂಥ ಮಿಶ್ರ ವಿಸ್ಕಿಗಳ ಒಳಗೆ ಹೆಸರಿಲ್ಲದೆ ಸೇರಿಹೋಯಿತು. ಈಗಲೂ ಜಾನಿ ವಾಕರ್ ಗೋಲ್ಡ್ ಲೇಬಲ್‌ನ ನಯಕ್ಕೆ ಆಧಾರ ಇದೇ ಮೇಣ. ನಮ್ಮೂರ ಕಡೆಯ ಮದುವೆ ಮನೆಯ ಹಿತ್ತಿಲಲ್ಲಿ ಗೋಲ್ಡ್ ಲೇಬಲ್ ಕುಡಿದವರೂ ಗೊತ್ತಿಲ್ಲದೆ ಬ್ರೋರಾದ ರುಚಿ ನೋಡಿದ್ದಾರೆ.

1960ರ ದಶಕದಲ್ಲಿ ಬೇಡಿಕೆ ಏರಿದಾಗ ಹಳೆಯದರ ಪಕ್ಕದಲ್ಲೇ ಆರು ಭಟ್ಟಿಗಳ ಹೊಸ ಡಿಸ್ಟಿಲರಿ ಕಟ್ಟಿ ಕ್ಲೈನ್‌ಲೀಶ್ ಎಂಬ ಹೆಸರನ್ನು ಅದಕ್ಕೆ ಕೊಟ್ಟರು. 1968ರಲ್ಲಿ ಮುಚ್ಚಿದ ಹಳೆಯದು ಮರುವರ್ಷವೇ ಮತ್ತೆ ತೆರೆಯಿತು, ಮುಂದೆ ಬ್ರೋರಾ ಎನಿಸಿಕೊಂಡಿತು. ಕಾರಣ ಹೊಗೆ. ಮಿಶ್ರಣಕ್ಕೆ ಬೇಕಾದ, ಪೀಟ್ ಮಣ್ಣಿನ ಹೊಗೆ ಹಿಡಿದ ವಿಸ್ಕಿ ಐಲಾ ದ್ವೀಪದಿಂದ ಸಾಕಷ್ಟು ಬರುತ್ತಿರಲಿಲ್ಲ. ಹಾಗಾಗಿ 1970ರ ದಶಕದ ಮೊದಲ ವರ್ಷಗಳಲ್ಲಿ ಬ್ರೋರಾದಲ್ಲಿ ದಟ್ಟ ಹೊಗೆಯ ವಿಸ್ಕಿ ಇಳಿಸಿದರು. ಆಮೇಲೆ ಮಾರಾಟ ಕುಸಿದು ಗೋದಾಮುಗಳು ತುಂಬಿ ತುಳುಕಿದವು. 1983ರ ಮಾರ್ಚ್‌ನಲ್ಲಿ ಬ್ರೋರಾ ಮುಚ್ಚಿತು. ಅದೇ ವರ್ಷ ಮುಚ್ಚಿದ ಡಿಸ್ಟಿಲರಿಗಳಲ್ಲಿ ಐಲಾದ ಪೋರ್ಟ್ ಎಲೆನ್ ಕೂಡ ಒಂದು. ಮುಚ್ಚಿದ ಮೇಲೆ ಬ್ರೋರಾದ ಹಳೆಯ ಪೀಪಾಯಿಗಳಲ್ಲಿ ಉಳಿದದ್ದು ಹೆಸರುವಾಸಿಯಾಗಿ, ಇವತ್ತು ಒಂದು ಬಾಟಲಿಗೆ ಲಕ್ಷಗಟ್ಟಲೆ ರೂಪಾಯಿ.

ಅದರಲ್ಲೊಂದು ಬೆರಳಗಲ ನನಗೂ ಸಿಕ್ಕಿತು. ಗೆಳೆಯನೊಬ್ಬ ಜೋಪಾನ ಮಾಡಿಟ್ಟಿದ್ದ 1970ರ ದಶಕದ ಬ್ರೋರಾ, ಪಕ್ಕದಲ್ಲಿ ಕ್ಲೈನ್‌ಲೀಶ್ 14. ಬ್ರೋರಾದಲ್ಲಿ ಮೊದಲು ಬಂದದ್ದು ನೆಲದ ಹೊಗೆ, ಆಸ್ಪತ್ರೆಯ ವಾಸನೆಯಿಲ್ಲದ, ಒಲೆಯ ಬೂದಿಯ ಹೊಗೆ. ಅದರ ಹಿಂದೆ ದನದ ಕೊಟ್ಟಿಗೆ, ಒದ್ದೆ ಉಣ್ಣೆ, ಹಳೆಯ ಚರ್ಮ. ಎಲ್ಲ ಸರಿದ ಮೇಲೆ ನಾಲಿಗೆಯ ಮೇಲೆ ಅದೇ ಮೇಣ. ಅಜ್ಜ ಮೊಮ್ಮಗ ಎಂದು ಕೇಳದೆಯೇ ಹೇಳಬಹುದಿತ್ತು. ಹಾಗೆಂದು 1819ರ ಜನ ಕುಡಿದದ್ದು ಇದೇ ರುಚಿ ಎಂದುಕೊಳ್ಳಬಾರದು. ಆಗಿನ ವಿಸ್ಕಿ ಭಟ್ಟಿಯಿಂದ ಇಳಿದ ಹಾಗೆಯೇ, ಬಣ್ಣವಿಲ್ಲದೆ, ಬಿಸಿ ಬಿಸಿಯಾಗಿ ಹೊಟ್ಟೆ ಸೇರುತ್ತಿತ್ತು. ಕನಿಷ್ಠ ಮೂರು ವರ್ಷ ಪೀಪಾಯಿಯಲ್ಲಿಡಬೇಕೆಂಬ ಕಾನೂನು ಬಂದದ್ದು ಮೊದಲ ಮಹಾಯುದ್ಧದ ಕಾಲಕ್ಕೆ.

ಮುಚ್ಚಿದ ಬ್ರೋರಾವನ್ನು ಈಗಿನ ಒಡೆಯರಾದ ಡಿಯಾಜಿಯೋ 2021ರ ಮೇ ತಿಂಗಳಲ್ಲಿ ಮತ್ತೆ ತೆರೆದರು. ಹಳೆಯ ಎರಡು ತಾಮ್ರದ ಭಟ್ಟಿಗಳನ್ನು ಅಲೋವಾದ ಕಂಚುಗಾರರ ಬಳಿ ಒಯ್ದು ರಿಪೇರಿ ಮಾಡಿಸಿದರು, ಭಟ್ಟಿಮನೆಯ ಗೋಡೆಯನ್ನು ಕಳಚಿ ಅದೇ ಕಲ್ಲುಗಳಿಂದ ಮತ್ತೆ ಎಬ್ಬಿಸಿದರು, ಆವಿ ತಣಿಸುವ ಹಾವುಸುರುಳಿಯ ಕೊಳವೆತೊಟ್ಟಿಗಳನ್ನೂ ಹಳೆಯ ಕ್ರಮದಲ್ಲೇ ಇಟ್ಟರು. ಕೆಲಸ ಅಚ್ಚುಕಟ್ಟು. ಕ್ಲೈನ್‌ಮಿಲ್ಟನ್ ತೊರೆಯ ನೀರು ಈಗ ಎರಡೂ ಕಡೆ ಹರಿಯುತ್ತದೆ.

ಆದರೆ 1819 ಎಂಬ ಸಂಖ್ಯೆಯನ್ನು ಪರಂಪರೆಯೆಂದು ಹೆಮ್ಮೆಯಿಂದ ಹೇಳುವ ಕಡೆಯಲ್ಲೆಲ್ಲ ಆ ವರ್ಷದ ಉಳಿದರ್ಧವನ್ನೂ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕುಡಿಯುವುದನ್ನು ಬಿಡಿ ಎನ್ನುತ್ತಿಲ್ಲ, ನಾನಂತೂ ಬಿಟ್ಟಿಲ್ಲ. ತುಂಡುಭೂಮಿಯವರು ಬೆಳೆದ ಬಾರ್ಲಿ, ಗಣಿಯಲ್ಲಿ ಅವರು ಕಡಿದ ಕಲ್ಲಿದ್ದಲು ಇಲ್ಲದೆ ಇದು ಹುಟ್ಟುತ್ತಿರಲಿಲ್ಲ. ಇದು ಅವರ ಕೆಲಸ, ಅವರ ಹೆಸರಿನಲ್ಲೂ ಸಲ್ಲಬೇಕು.

ಸುಧಾರಣೆಯ ಆ ದೊಡ್ಡ ಪಟ್ಟಿಯಲ್ಲಿ ಮಿಕ್ಕದ್ದೆಲ್ಲ ಒಂದೊಂದಾಗಿ ನಂದಿತು. ಉಪ್ಪಿನ ಕೆಲಸ ಬೇಗನೆ ನಿಂತಿತು. ಹೆರಿಂಗ್ ಮೀನು ಕಡಿಮೆಯಾಗಿ ಹೆಲ್ಮ್ಸ್‌ಡೇಲ್ ಬಂದರು ಸೊರಗಿತು. 1869ರಲ್ಲಿ ಕಿಲ್ಡೋನನ್ ತೊರೆಗಳಲ್ಲಿ ಚಿನ್ನದ ಹುಡಿ ಸಿಕ್ಕಿ ನೂರಾರು ಜನ ಡೇರೆ ಹೊಡೆದಾಗ, ಅವರ ಗಲಾಟೆಯಿಂದ ಕುರಿಗೂ ಜಿಂಕೆ ಬೇಟೆಗೂ ತೊಂದರೆಯೆಂದು ಆಗಿನ ಡ್ಯೂಕ್ ವರ್ಷ ಮುಗಿಯುವುದರೊಳಗೆ ಅದನ್ನೂ ನಿಲ್ಲಿಸಿದ. ಜನರಿಲ್ಲದ ಕಣಿವೆಗೆ ಜನ ಮರಳಿ ಬಂದ ಒಂದೇ ಒಂದು ಗಳಿಗೆ ಅದು. ಕಲ್ಲಿದ್ದಲು ಗಣಿ 1974ರಲ್ಲಿ ಮುಚ್ಚಿತು. ಕುರಿಯ ಉಣ್ಣೆಯಿಂದ ಬಟ್ಟೆ ನೇಯುತ್ತಿದ್ದ ಊರಿನ ಗಿರಣಿ 2003ರಲ್ಲಿ. ಉಳಿದು ಬದುಕಿರುವುದು ವಿಸ್ಕಿ.

ಬ್ರೋರಾದವರೆಗೆ ಹೋಗುವ ಕನ್ನಡದವರಿಗೆ ನಾನು ಹೇಳುವುದಿಷ್ಟು. ಬೆಳಿಗ್ಗೆ ಡಿಸ್ಟಿಲರಿ ನೋಡಿ, ಆದರೆ ಗಾಡಿ ಓಡಿಸುವವರು ರುಚಿ ನೋಡುವುದನ್ನು ರಾತ್ರಿಗೆ ಇಟ್ಟುಕೊಳ್ಳಿ. ಅಲ್ಲಿಂದ ಹೆಲ್ಮ್ಸ್‌ಡೇಲ್‌ಗೆ ಹೋದರೆ ಊರ ಮೇಲೆ, ದೇಶ ಬಿಟ್ಟು ಹೊರಟ ಕುಟುಂಬವೊಂದರ ಕಂಚಿನ ಪ್ರತಿಮೆಗಳಿವೆ. ಮುಂದೆ ಎಡಕ್ಕೆ ತಿರುಗುವ ಒಂಟಿ ರಸ್ತೆ ಕಿಲ್ಡೋನನ್ ಕಣಿವೆಯೊಳಗೆ ಹೋಗುತ್ತದೆ. ಇನ್ನೂ ಪಶ್ಚಿಮಕ್ಕೆ, ಸ್ಟ್ರಾತ್‌ನೇವರ್‌ನ ರೊಸಾಲ್ ಎಂಬ ಹಳ್ಳಿಯ ಮನೆಗಳ ಅಡಿಪಾಯಗಳನ್ನು 1962ರಲ್ಲಿ ಅಗೆದು ಅಧ್ಯಯನ ಮಾಡಿದ್ದಾರೆ, ನಡೆದು ನೋಡಲು ದಾರಿ ಮಾಡಿದ್ದಾರೆ. ಕಣಿವೆ ಕಡಲು ಸೇರುವ ಬೆಟ್ಟಿಹಿಲ್‌ನಲ್ಲಿ ಹಳೆಯ ಚರ್ಚೊಂದರಲ್ಲಿ ಸ್ಟ್ರಾತ್‌ನೇವರ್ ಮ್ಯೂಸಿಯಂ ಇದೆ. ದಾರಿಯುದ್ದಕ್ಕೂ ಅಂಗಡಿ ಕಡಿಮೆ, ಬುತ್ತಿ ಕಟ್ಟಿಕೊಂಡು ಹೋಗಿ.